ತೋಳ, ಹೆದ್ದಾರಿ ಮತ್ತು ಓಮ್‌ನ ನಿಯಮ

1991ರ ಜೂನ್ ತಿಂಗಳ ಒಂದು ಮಳೆ ದಿನ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ರಾಕಿ ಪರ್ವತಗಳ ನಡುವೆ ಸಂಶೋಧಕರ ಒಂದು ತಂಡ ಐದು ವರ್ಷದ ಹೆಣ್ಣು ತೋಳವೊಂದನ್ನು ಹಿಡಿದು, ಅದರ ಕೊರಳಿಗೆ ಉಪಗ್ರಹಕ್ಕೆ ಸಿಗ್ನಲ್ ಕಳಿಸುವ ಪಟ್ಟಿ ಕಟ್ಟಿ ಬಿಟ್ಟಿತು. ಮಳೆ ಸುರೀತಿತ್ತು, ಅದಕ್ಕೇ ತೋಳಕ್ಕೆ 'ಪ್ಲೂಯಿ' ಅಂತ ಹೆಸರಿಟ್ಟರು. ಫ್ರೆಂಚ್ ಭಾಷೆಯಲ್ಲಿ ಮಳೆ ಅಂತ ಅರ್ಥ. ಅಲ್ಲಿಯವರೆಗೆ ತೋಳಗಳಿಗೆ ಹೆಚ್ಚಾಗಿ ಕಟ್ಟುತ್ತಿದ್ದದ್ದು ಮಾಮೂಲಿ ರೇಡಿಯೋ ಕಾಲರ್. ಆಂಟೆನಾ ಹಿಡಿದು ಹಿಂದೆ ಹಿಂದೆ ಓಡಬೇಕು, ಬೆಟ್ಟ ದಾಟಿದರೆ ಸಿಗ್ನಲ್ ಹೋಯ್ತು. ಉಪಗ್ರಹಕ್ಕೆ ಬೆಟ್ಟದ ಹಂಗಿಲ್ಲ.

ಮುಂದಿನ ಎರಡು ವರ್ಷ ಪ್ಲೂಯಿ ಎಲ್ಲೆಲ್ಲಿ ತಿರುಗಿತು ನೋಡಿ. ಆಲ್ಬರ್ಟಾದಿಂದ ಬ್ರಿಟಿಷ್ ಕೊಲಂಬಿಯಾ, ಅಲ್ಲಿಂದ ಅಂತರರಾಷ್ಟ್ರೀಯ ಗಡಿ ದಾಟಿ ಅಮೆರಿಕದ ಮೊಂಟಾನಾ, ಐಡಾಹೋ, ವಾಷಿಂಗ್ಟನ್, ಮತ್ತೆ ವಾಪಸ್ ಕೆನಡಾ. ಒಟ್ಟು ವಿಸ್ತಾರ ಒಂದು ಲಕ್ಷ ಚದರ ಕಿಲೋಮೀಟರಿಗಿಂತ ಹೆಚ್ಚು. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಕರ್ನಾಟಕದ ಅರ್ಧಕ್ಕಿಂತ ಜಾಸ್ತಿ, ಒಂದು ತೋಳಕ್ಕೆ! ಅಲ್ಲಿನ ಪ್ರಸಿದ್ಧ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನ ಇರೋದೇ 6,641 ಚದರ ಕಿ.ಮೀ. ಅಂದರೆ ಪ್ಲೂಯಿಗೆ ಅಂಥ ಹದಿನೈದು ಉದ್ಯಾನ ಬೇಕು.

1993ರಲ್ಲಿ ಸಿಗ್ನಲ್ ನಿಂತುಹೋಯಿತು. ಕೊನೆಗೆ ಸಂಶೋಧಕರ ಕೈಗೆ ಸಿಕ್ಕಿದ್ದು ಕಾಲರಿನ ಬ್ಯಾಟರಿ ಮಾತ್ರ, ಅದರಲ್ಲೊಂದು ಗುಂಡಿನ ತೂತು. ತೋಳದ ಕಥೆ ಮುಗೀತು ಅಂದುಕೊಂಡರು. ಮುಗಿದಿರಲಿಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಪಾರ್ಕು ಅನ್ನೋ ಡಬ್ಬಿ

ಕಾಡುಪ್ರಾಣಿ ಉಳಿಸೋದು ಅಂದರೆ ನಮ್ಮ ತಲೆಯಲ್ಲಿ ಬರೋ ಚಿತ್ರ ಸರಳ: ನಕ್ಷೆಯ ಮೇಲೆ ಹಸಿರು ಬಣ್ಣದ ಒಂದು ಆಕಾರ, ಸುತ್ತ ಗೆರೆ, ಒಳಗೆ ಪ್ರಾಣಿಗಳು. ಅಮೆರಿಕದಲ್ಲಿ 1872ರಲ್ಲಿ ಯೆಲ್ಲೊಸ್ಟೋನ್ ಉದ್ಯಾನ ಮಾಡಿದಾಗಲೂ, ಕೆನಡಾದಲ್ಲಿ 1885ರಲ್ಲಿ ಬ್ಯಾನ್ಫ್ ಶುರುವಾದಾಗಲೂ ಇದೇ ಯೋಚನೆ. ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದರೆ ಕೆಡಲ್ಲ ಅಂತ.

ಆದರೆ ಕೆಡುತ್ತೆ. 1967ರಲ್ಲಿ ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್ ಎಂಬ ಇಬ್ಬರು ವಿಜ್ಞಾನಿಗಳು ದ್ವೀಪಗಳ ಬಗ್ಗೆ ಒಂದು ಸಿದ್ಧಾಂತ ಕೊಟ್ಟರು: ದ್ವೀಪ ಚಿಕ್ಕದಾದಷ್ಟೂ, ದಡದಿಂದ ದೂರವಾದಷ್ಟೂ ಅಲ್ಲಿ ಉಳಿಯೋ ಜೀವಿಗಳ ಬಗೆ ಕಡಿಮೆ. ಸುತ್ತಲೂ ಹೊಲ, ಊರು, ರಸ್ತೆ ಇರುವ ಕಾಡು ಕೂಡ ದ್ವೀಪವೇ, ನೀರಿಲ್ಲ ಅಷ್ಟೆ. 1987ರಲ್ಲಿ ವಿಲಿಯಂ ನ್ಯೂಮಾರ್ಕ್ ಎಂಬವರು ಪಶ್ಚಿಮ ಉತ್ತರ ಅಮೆರಿಕದ ಉದ್ಯಾನಗಳ ಹಳೆಯ ದಾಖಲೆ ತೆಗೆದು ಲೆಕ್ಕ ಹಾಕಿದರು. ಉದ್ಯಾನ ಆದಮೇಲೂ, ಕಾವಲು ಇದ್ದೂ, ಸಸ್ತನಿಗಳು ಒಂದೊಂದಾಗಿ ಕಾಣೆಯಾಗಿದ್ದವು. ಚಿಕ್ಕ ಉದ್ಯಾನದಲ್ಲಿ ನಷ್ಟ ಹೆಚ್ಚು, ದೊಡ್ಡದರಲ್ಲಿ ಕಡಿಮೆ.

ಯಾಕೆ ಹೀಗೆ ಅಂತ ಕ್ಯಾಲ್ಕುಲೇಟರಿನಲ್ಲೇ ನೋಡಬಹುದು. ಬೇರೆ ಕಡೆಯಿಂದ ಯಾರೂ ಬರದ ಒಂದು ಗುಂಪಿನಲ್ಲಿ ಪ್ರತಿ ತಲೆಮಾರಿಗೂ ವಂಶವಾಹಿಗಳ ವೈವಿಧ್ಯ ಒಂದಿಷ್ಟು ಕಳೆದುಹೋಗುತ್ತೆ. ಎಷ್ಟು? ಮರಿ ಮಾಡುವ ಪ್ರಾಣಿಗಳ ಪರಿಣಾಮಕಾರಿ ಸಂಖ್ಯೆಯ ಎರಡರಷ್ಟರಲ್ಲಿ ಒಂದು ಪಾಲು. ಸಂಖ್ಯೆ 25 ಇದ್ದರೆ ಐವತ್ತರಲ್ಲಿ ಒಂದು ಪಾಲು, ಅಂದರೆ ತಲೆಮಾರಿಗೆ ಶೇ. 2. ಕೇಳೋಕೆ ಏನೂ ಅಲ್ಲ ಅನ್ನಿಸುತ್ತೆ. ಇಪ್ಪತ್ತು ತಲೆಮಾರು ಬಿಟ್ಟು 0.98ನ್ನು ಇಪ್ಪತ್ತು ಸಲ ಗುಣಿಸಿ: 0.67. ಮೂರನೇ ಒಂದು ಭಾಗ ಹೋಯ್ತು. ಹೋದದ್ದು ವಾಪಸ್ ಬರಲ್ಲ, ಏಕೆಂದರೆ ಹೊಸ ಮ್ಯುಟೇಶನ್‌ಗಳು ಅದನ್ನು ತುಂಬೋಕೆ ಸಾವಿರಾರು ತಲೆಮಾರು ಬೇಕು.

ಇದಕ್ಕೆ ಮದ್ದು ಎಷ್ಟು ಸಣ್ಣದು ಅನ್ನೋದೇ ಸೋಜಿಗ. ತಲೆಮಾರಿಗೆ ಹೊರಗಿನಿಂದ ಒಂದೋ ಎರಡೋ ಪ್ರಾಣಿ ಬಂದು, ಬದುಕಿ, ಮರಿ ಮಾಡಿದರೆ ಸಾಕು, ಆ ಸೋರಿಕೆ ಬಹುಮಟ್ಟಿಗೆ ನಿಲ್ಲುತ್ತೆ ಅನ್ನುತ್ತದೆ ಲೆಕ್ಕ. ಆ ವಾಕ್ಯದ ಮೂರು ಕ್ರಿಯಾಪದಗಳನ್ನು ಗಮನಿಸಿ: ಬಂದು, ಬದುಕಿ, ಮರಿ ಮಾಡಿ. ಈ ಲೇಖನ ಪೂರ್ತಿ ಅದರ ಮೇಲೇ ನಿಂತಿದೆ.

ಪ್ಲೂಯಿಯ ನಕ್ಷೆ ಹೊರಬಂದ ಕಾಲದಲ್ಲೇ, 1993ರಲ್ಲಿ, ಹಾರ್ವೇ ಲಾಕ್ ಎಂಬ ಕೆನಡಾದ ವಕೀಲರು ಒಂದು ಯೋಚನೆ ಮುಂದಿಟ್ಟರು. ಅಮೆರಿಕದ ಯೆಲ್ಲೊಸ್ಟೋನ್‌ನಿಂದ ಕೆನಡಾದ ತುತ್ತತುದಿಯ ಯೂಕಾನ್‌ವರೆಗೆ, ಸುಮಾರು 3,200 ಕಿ.ಮೀ. ಉದ್ದದ ಪರ್ವತಸಾಲನ್ನು ಒಂದೇ ಜೋಡಣೆಯಾಗಿ ನೋಡೋಣ ಅಂತ. ಅದೇ ಮುಂದೆ 'ಯೆಲ್ಲೊಸ್ಟೋನ್ ಟು ಯೂಕಾನ್' ಎಂಬ ಸಂಘಟನೆಯಾಯಿತು. ಇಷ್ಟೂ ಜಾಗವನ್ನು ಒಂದೇ ಉದ್ಯಾನ ಮಾಡಿಬಿಡಿ ಅಂತ ಅವರು ಹೇಳಲಿಲ್ಲ. ಅದು ಆಗದ ಮಾತು. ನಡುವೆ ಊರುಗಳಿವೆ, ದನದ ರಾಂಚ್‌ಗಳಿವೆ, ಗಣಿಗಳಿವೆ, ಹಲವು ಮೂಲನಿವಾಸಿ ಜನಾಂಗಗಳ ನೆಲ ಇದೆ. ಇರುವ ಉದ್ಯಾನಗಳ ನಡುವಿನ ಜಾಗದಲ್ಲಿ ಪ್ರಾಣಿ ಹಾದುಹೋಗುವಂತಿರಲಿ ಅನ್ನೋದಷ್ಟೇ ಕೇಳಿಕೆ.

ಕಾಡನ್ನು ಸರ್ಕ್ಯೂಟ್ ಮಾಡಿದ ಎಂಜಿನಿಯರ್

'ಹಾದುಹೋಗುವಂತಿರಲಿ' ಅನ್ನೋದನ್ನು ಅಳೆಯೋದು ಹೇಗೆ? ಇಲ್ಲಿ ನಮ್ಮ ಪೈಕಿಯವರೊಬ್ಬರು ಬರ್ತಾರೆ. ಬ್ರಾಡ್ ಮೆಕ್ರೇ ಓದಿದ್ದು ಮೊದಲು ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಆಮೇಲೆ ಪರಿಸರ ವಿಜ್ಞಾನಕ್ಕೆ ಹೋದವರು. ಅವರಿಗೆ ಹೊಳೆದದ್ದು ಇಷ್ಟು: ಪ್ರಾಣಿಗಳ ಸಂಚಾರವೂ ಕರೆಂಟಿನ ಸಂಚಾರವೂ ಒಂದೇ ಗಣಿತ.

ಅದಕ್ಕೆ ಮೊದಲು ಬಹಳಷ್ಟು ಜನ ಮಾಡುತ್ತಿದ್ದದ್ದು ನಾವು ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಓದುವ ಡೈಕ್‌ಸ್ಟ್ರಾ ಅಲ್ಗಾರಿದಮ್ಮಿನ ಥರದ್ದೇ. ನಕ್ಷೆಯ ಪ್ರತಿ ಚೌಕಕ್ಕೂ ಒಂದು ಖರ್ಚು ಕೊಟ್ಟು, ಎರಡು ಕಾಡುಗಳ ನಡುವೆ ಅತಿ ಕಡಿಮೆ ಖರ್ಚಿನ ದಾರಿ ಹುಡುಕೋದು. ತಪ್ಪೇನಿಲ್ಲ. ಆದರೆ ಅದರಲ್ಲೊಂದು ಊಹೆ ಅಡಗಿದೆ, ಪ್ರಾಣಿಗೆ ಇಡೀ ನಕ್ಷೆ ಗೊತ್ತು ಅನ್ನೋದು. ಪಾಪ, ತೋಳದ ಹತ್ತಿರ ಗೂಗಲ್ ಮ್ಯಾಪ್ ಇಲ್ಲ. ಅದು ಮುಂದಿನ ಕಣಿವೆ ನೋಡುತ್ತೆ, ಮೂಸುತ್ತೆ, ಒಂದು ದಿಕ್ಕು ಹಿಡಿಯುತ್ತೆ, ಸರಿಹೋಗದಿದ್ದರೆ ವಾಪಸ್ ಬರುತ್ತೆ.

ಮೆಕ್ರೇ ಹೀಗೆ ಮಾಡಿದರು. ನಕ್ಷೆಯ ಪ್ರತಿ ಚೌಕ ಒಂದು ನೋಡ್. ಅಕ್ಕಪಕ್ಕದ ನೋಡ್‌ಗಳ ನಡುವೆ ಒಂದೊಂದು ರೆಸಿಸ್ಟರ್. ಕಾಡಿದ್ದರೆ ಕಡಿಮೆ ರೆಸಿಸ್ಟೆನ್ಸ್, ಹೊಲವಿದ್ದರೆ ಜಾಸ್ತಿ, ಹೆದ್ದಾರಿಯಿದ್ದರೆ ಇನ್ನೂ ಜಾಸ್ತಿ. ಒಂದು ಕಾಡಿಗೆ ಒಂದು ಆಂಪಿಯರ್ ಕರೆಂಟ್ ಕೊಟ್ಟು, ಇನ್ನೊಂದು ಕಾಡನ್ನು ಗ್ರೌಂಡ್ ಮಾಡಿ. ಕಿರ್ಚಾಫ್ ಸಮೀಕರಣ ಬರೆದು ಬಿಡಿಸಿ. ಪ್ರತಿ ಚೌಕದಲ್ಲಿ ಹರಿಯುವ ಕರೆಂಟು, ದಿಕ್ಕು ಗೊತ್ತಿಲ್ಲದೆ ಅಲೆಯುವ ಪ್ರಾಣಿ ಆ ಚೌಕದ ಮೂಲಕ ಮುಂದಕ್ಕೆ ದಾಟಿಹೋಗುವ ಸಾಧ್ಯತೆಗೆ ಸಮ. ಹೋಲಿಕೆ ಮಾತ್ರ ಅಲ್ಲ, ಗಣಿತದಲ್ಲಿ ನಿಜವಾಗಿಯೂ ಸಮ. ಕರೆಂಟ್ ಒತ್ತೊತ್ತಾಗಿ ಹರಿಯುವ ಕಿರಿದಾದ ಜಾಗ ಎಲ್ಲಿದೆಯೋ ಅದೇ ಕಾಪಾಡಬೇಕಾದ ಕುತ್ತಿಗೆ. ಅದು ಹೋದರೆ ಇಡೀ ಜೋಡಣೆ ಹೋಗುತ್ತೆ.

2007ರಲ್ಲಿ ಮೆಕ್ರೇ ಮತ್ತು ಪಾಲ್ ಬೈಯರ್ ಇದನ್ನು ನಿಜವಾದ ವಂಶವಾಹಿ ಮಾಹಿತಿಯ ಮೇಲೆ ಪರೀಕ್ಷಿಸಿದರು, ಉತ್ತರ ಅಮೆರಿಕದ ವುಲ್ವರಿನ್ ಎಂಬ ಪ್ರಾಣಿ ಮತ್ತು ಮಧ್ಯ ಅಮೆರಿಕದ ಮಹಾಗನಿ ಮರದ ಮೇಲೆ. ಎರಡು ಗುಂಪುಗಳು ವಂಶವಾಹಿಯಲ್ಲಿ ಎಷ್ಟು ದೂರ ಅನ್ನೋದನ್ನು ಹಳೆಯ ವಿಧಾನಗಳಿಗಿಂತ ರೆಸಿಸ್ಟೆನ್ಸ್ ಲೆಕ್ಕ ಚೆನ್ನಾಗಿ ಹೇಳಿತು. ಈ ಸಾಫ್ಟ್‌ವೇರಿನ ಹೆಸರು ಸರ್ಕ್ಯೂಟ್‌ಸ್ಕೇಪ್. ಓಪನ್ ಸೋರ್ಸ್, ಈಗ ಜೂಲಿಯಾ ಭಾಷೆಯಲ್ಲಿದೆ. ಜೂಲಿಯಾ ಕಟ್ಟಿದವರಲ್ಲಿ ಒಬ್ಬರಾದ ವಿರಲ್ ಶಾ ಇದರಲ್ಲೂ ಕೈಜೋಡಿಸಿದವರು. ಲಕ್ಷಗಟ್ಟಲೆ ನೋಡ್‌ಗಳ ಮ್ಯಾಟ್ರಿಕ್ಸ್ ಬಿಡಿಸಬೇಕಲ್ಲ, ಅದು ಬರೀ ಪರಿಸರ ವಿಜ್ಞಾನಿಯ ಕೆಲಸ ಅಲ್ಲ.

ಈಗ ಒಂದು ಆಟದ ಲೆಕ್ಕ. ಎರಡು ಕಾಡುಗಳ ನಡುವೆ ಸಾಲಾಗಿ ಹತ್ತು ತುಂಡು ಜಾಗ. ಒಂಬತ್ತು ಕಾಡು, ತಲಾ 1 ಓಮ್. ಒಂದು ಹೆದ್ದಾರಿ, 50 ಓಮ್. ಒಟ್ಟು 59. ಸರ್ಕಾರ ಮುತುವರ್ಜಿ ವಹಿಸಿ ಒಂಬತ್ತೂ ಕಾಡಲ್ಲಿ ಗಿಡ ನೆಟ್ಟು ಅರ್ಧ ಓಮ್‌ಗೆ ಇಳಿಸಿತು ಅನ್ನಿ. ಒಟ್ಟು 54.5. ಏನೂ ಆಗಲಿಲ್ಲ! ಕಾಡು ಮುಟ್ಟದೆ ಹೆದ್ದಾರಿಯೊಂದನ್ನೇ 5ಕ್ಕೆ ಇಳಿಸಿದರೆ? 14. ವನಮಹೋತ್ಸವದ ಫೋಟೋ ನೋಡಿದಾಗೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತೆ, ಏನು ಮಾಡೋದು.

50 ಓಮನ್ನು 5 ಮಾಡೋದು

ಆ ಹೆದ್ದಾರಿ ನಿಜವಾಗಿಯೂ ಇದೆ. ಕೆನಡಾದ ಪೂರ್ವದಿಂದ ಪಶ್ಚಿಮಕ್ಕೆ ಹೋಗುವ ಟ್ರಾನ್ಸ್-ಕೆನಡಾ ಹೆದ್ದಾರಿ ಬ್ಯಾನ್ಫ್ ಉದ್ಯಾನದ ಮಧ್ಯದಲ್ಲೇ, ಕಣಿವೆಯ ತಳದಲ್ಲಿ ಹಾಯುತ್ತೆ. ಪರ್ವತದಲ್ಲಿ ಪ್ರಾಣಿಗೂ ಕಣಿವೆಯೇ ಬೇಕು, ಎಂಜಿನಿಯರಿಗೂ ಕಣಿವೆಯೇ ಬೇಕು. ಎಲ್ಲ ಜಗಳದ ಮೂಲ ಇಲ್ಲೇ. ಎಲ್ಕ್ ಎಂಬ ದೊಡ್ಡ ಜಿಂಕೆಗಳು ಲಾರಿ ಕಾರುಗಳಿಗೆ ಸಿಕ್ಕಿ ಸಾಯುತ್ತಿದ್ದವು, ಜನರೂ ಸಾಯುತ್ತಿದ್ದರು.

ರಸ್ತೆಯನ್ನು ನಾಲ್ಕು ಪಥ ಮಾಡುವಾಗ ಹಂತಹಂತವಾಗಿ ಎರಡೂ ಬದಿ 2.4 ಮೀಟರ್ ಎತ್ತರದ ಬೇಲಿ ಹಾಕಿದರು. ಒಟ್ಟು ಉದ್ದ ಈಗ 82 ಕಿ.ಮೀ. ಬೇಲಿಯೊಂದೇ ಹಾಕಿದರೆ ಅಪಘಾತ ನಿಲ್ಲುತ್ತೆ, ಆದರೆ ರೆಸಿಸ್ಟೆನ್ಸ್ 50ರಿಂದ ಇನ್ಫಿನಿಟಿಗೆ ಹೋಗುತ್ತೆ. ಆದ್ದರಿಂದ ಜೊತೆಗೆ 38 ಅಂಡರ್‌ಪಾಸು, 6 ಮೇಲ್ಸೇತುವೆ. ಮೊದಲ ಎರಡು ಮೇಲ್ಸೇತುವೆಗಳು ತಲಾ 50 ಮೀಟರ್ ಅಗಲ, 1990ರ ದಶಕದ ಕೊನೆಗೆ ಮುಗಿದವು. ಮೇಲೆ ಮಣ್ಣು ಹಾಕಿ ಹುಲ್ಲು, ಗಿಡ, ಮರ ಬೆಳೆಸಿದ್ದಾರೆ. ಕೆಳಗೆ ಲಾರಿ ಹೋಗ್ತಾ ಇದ್ದರೆ ಮೇಲೆ ಕರಡಿ. ಬೇಲಿಯ ತಳ ತೋಡಿ ನುಸುಳದ ಹಾಗೆ ನೆಲದೊಳಗೂ ಜಾಲರಿ ಇಳಿಸಿದ್ದಾರೆ. ತಪ್ಪಿ ರಸ್ತೆಗೆ ಬಂದ ಪ್ರಾಣಿ ವಾಪಸ್ ಹಾರಿಹೋಗಲು ಒಂದು ಕಡೆಯಿಂದ ಮಾತ್ರ ದಾಟಬಹುದಾದ ದಿಬ್ಬಗಳಿವೆ. ಡಯೋಡ್ ಅನ್ನಿ.

ಶುರುವಿನಲ್ಲಿ ಜನ ನಕ್ಕರು. ಕರಡಿ ಬೋರ್ಡ್ ಓದಿ ಸೇತುವೆ ಹತ್ತುತ್ತಾ ಅಂತ. ಟೋನಿ ಕ್ಲೆವೆಂಜರ್ ಅವರ ತಂಡ ಹದಿನೇಳು ವರ್ಷ ಕೂತು ಎಣಿಸಿತು, ಮೊದಲು ಮಣ್ಣು ಹರಡಿ ಹೆಜ್ಜೆ ಗುರುತಿನಿಂದ, ಆಮೇಲೆ ಕ್ಯಾಮೆರಾದಿಂದ. ಗೊತ್ತಾದ ಸಂಗತಿಗಳು ಯಾವ ಸಿವಿಲ್ ಪಠ್ಯದಲ್ಲೂ ಇರಲಿಲ್ಲ. ಗ್ರಿಜ್ಲಿ ಕರಡಿ, ತೋಳ, ಎಲ್ಕ್‌ಗಳಿಗೆ ಎತ್ತರವಾದ, ಅಗಲವಾದ, ಆಚೆ ತುದಿ ಕಾಣುವ ದಾರಿ ಬೇಕು. ಕಪ್ಪು ಕರಡಿಗೂ ಕೂಗರ್ ಎಂಬ ದೊಡ್ಡ ಬೆಕ್ಕಿಗೂ ಉದ್ದದ ಇಕ್ಕಟ್ಟಿನ ಕತ್ತಲೆ ದಾರಿಯೇ ಇಷ್ಟ. ಮರಿಗಳ ಜೊತೆ ಇರುವ ತಾಯಿ ಗ್ರಿಜ್ಲಿ ಬಹುಪಾಲು ಮೇಲ್ಸೇತುವೆಯನ್ನೇ ಆರಿಸಿಕೊಳ್ಳುತ್ತೆ. ಹಾಗಾಗಿ 'ಒಂದು ಸ್ಟ್ಯಾಂಡರ್ಡ್ ಡಿಸೈನ್, ನಲವತ್ತು ಕಾಪಿ' ಇಲ್ಲಿ ನಡೆಯಲ್ಲ. ಇನ್ನೊಂದು ವಿಷಯ, ಗ್ರಿಜ್ಲಿಗಳಿಗೆ ಸೇತುವೆ ಅಭ್ಯಾಸವಾಗೋಕೆ ಐದು ವರ್ಷದಷ್ಟು ಹಿಡಿಯಿತು. ಎರಡನೇ ವರ್ಷವೇ ವರದಿ ಕೇಳಿ 'ಯೋಜನೆ ವಿಫಲ' ಅಂತ ಫೈಲ್ ಮುಚ್ಚಿದ್ದರೆ?

ಈಗ ದೊಡ್ಡ ಪ್ರಾಣಿಗಳ ಅಪಘಾತ ಶೇ. 80ಕ್ಕಿಂತ ಹೆಚ್ಚು ಇಳಿದಿದೆ. ಹನ್ನೊಂದು ಬಗೆಯ ದೊಡ್ಡ ಸಸ್ತನಿಗಳು ಒಂದೂವರೆ ಲಕ್ಷಕ್ಕೂ ಹೆಚ್ಚು ಸಲ ದಾಟಿದ್ದು ದಾಖಲಾಗಿದೆ.

ಇಲ್ಲಿಗೆ ಚಪ್ಪಾಳೆ ತಟ್ಟಿ ಮುಗಿಸಬಹುದಿತ್ತು. ಆದರೆ ಒಂದು ಪ್ರಶ್ನೆ ಉಳಿದಿತ್ತು. ಒಂದೂವರೆ ಲಕ್ಷ ಸಲ ಅಂದರೆ ಎಷ್ಟು ಪ್ರಾಣಿ? ಒಂದೇ ಕರಡಿ ದಿನಾ ವಾಕಿಂಗ್ ಹೋಗ್ತಿರಬಹುದಲ್ಲ! ಮೈಕೆಲ್ ಸವಾಯಾ ಮತ್ತವರ ಜೊತೆಯವರು ದಾರಿಗೆ ಅಡ್ಡವಾಗಿ ಮುಳ್ಳುತಂತಿ ಕಟ್ಟಿದರು. ಕರಡಿಗೆ ಗಾಯ ಆಗಲ್ಲ, ನಾಲ್ಕು ಕೂದಲು ಸಿಕ್ಕಿಕೊಳ್ಳುತ್ತೆ. ಕೂದಲಿನಿಂದ ಡಿಎನ್‌ಎ. ಮೂರು ವರ್ಷದಲ್ಲಿ ಸೇತುವೆ, ಅಂಡರ್‌ಪಾಸು ಬಳಸಿದ್ದು 15 ಗ್ರಿಜ್ಲಿ, 17 ಕಪ್ಪು ಕರಡಿ. ಗಂಡು ಹೆಣ್ಣು ಹೆಚ್ಚುಕಡಿಮೆ ಸಮ. ಇನ್ನೂ ಮುಂದೆ ಹೋಗಿ ಅಪ್ಪ ಅಮ್ಮ ಯಾರು ಅಂತ ನೋಡಿದಾಗ, ದಾಟಿದ ಕಪ್ಪು ಕರಡಿಗಳಲ್ಲಿ ಶೇ. 47, ಗ್ರಿಜ್ಲಿಗಳಲ್ಲಿ ಶೇ. 27 ಮರಿ ಮಾಡಿದ್ದವು. 2014ರಲ್ಲಿ ಪ್ರಕಟವಾದ ಈ ಫಲಿತಾಂಶ ಆ ಒಂದೂವರೆ ಲಕ್ಷಕ್ಕಿಂತ ದೊಡ್ಡದು ಅಂತ ನನ್ನ ಅಭಿಪ್ರಾಯ. ಪ್ಯಾಕೆಟ್ ಕಳಿಸಿದ್ದನ್ನು ಎಣಿಸೋದು ಬೇರೆ, ಅಕ್ನಾಲೆಜ್‌ಮೆಂಟ್ ಬಂದದ್ದನ್ನು ಎಣಿಸೋದು ಬೇರೆ.

ನಮ್ಮಲ್ಲೂ ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಇರೋದು ಗೊತ್ತಲ್ಲ. ಊಟಿಗೋ ವಯನಾಡಿಗೋ ಟ್ರಿಪ್ ಹೊರಟವರು ಗೇಟಿಗೆ ಸಿಕ್ಕಿಹಾಕಿಕೊಂಡು ಬೈದುಕೊಂಡದ್ದೂ ಇದೆ. ಬ್ಯಾನ್ಫ್‌ನಲ್ಲಿ ಜಾಗ ಹಂಚಿಕೊಂಡರು, ಬಂಡೀಪುರದಲ್ಲಿ ಸಮಯ ಹಂಚಿಕೊಂಡರು. ಒಂದೇ ಚಾನಲ್, ಎರಡು ಬಳಕೆದಾರರು, ಟೈಮ್ ಡಿವಿಜನ್ ಮಲ್ಟಿಪ್ಲೆಕ್ಸಿಂಗ್. ಕಾಂಕ್ರೀಟೇ ಬೇಕಾಗಿಲ್ಲ.

ರೆಸಿಸ್ಟೆನ್ಸ್ ಅಲ್ಲ, ಸೋರಿಕೆ

ಈಗ ಪ್ಲೂಯಿಗೆ ಬರೋಣ. ಬ್ಯಾಟರಿಗೆ ಗುಂಡು ಬಿದ್ದಾಗ ಅದು ಬದುಕಿತ್ತು. ಇನ್ನೂ ಎರಡು ವರ್ಷ ಬಾಳಿತು, ಜೋಡಿ ಕಂಡುಕೊಂಡಿತು, ಮರಿ ಹಾಕಿತು. 1995ರ ಡಿಸೆಂಬರಿನಲ್ಲಿ ಬ್ರಿಟಿಷ್ ಕೊಲಂಬಿಯಾದ ಇನ್ವರ್ಮಿಯರ್ ಊರಿನ ಹತ್ತಿರ, ಉದ್ಯಾನದ ಗೆರೆಯ ಆಚೆ, ಒಬ್ಬ ಬೇಟೆಗಾರ ಅದನ್ನೂ, ಅದರ ಜೊತೆಗಾರನನ್ನೂ, ಮೂರು ಮರಿಗಳನ್ನೂ ಹೊಡೆದ. ಅಪರಾಧವೇನೂ ಆಗಲಿಲ್ಲ. ಅಲ್ಲಿ ತೋಳದ ಬೇಟೆಗೆ ಕಾನೂನಿನ ಅನುಮತಿ ಇತ್ತು.

ಅದೇ ತೋಳ ಆಗ ಮೊಂಟಾನಾದಲ್ಲಿದ್ದಿದ್ದರೆ ಅಮೆರಿಕದ ಅಪಾಯದಂಚಿನ ಪ್ರಾಣಿಗಳ ಕಾಯ್ದೆ ಅದನ್ನು ಕಾಯುತ್ತಿತ್ತು. ಬ್ಯಾನ್ಫ್ ಒಳಗಿದ್ದಿದ್ದರೆ ಉದ್ಯಾನದ ಕಾಯ್ದೆ. ಕಾಡು ಒಂದೇ, ಮರ ಒಂದೇ, ಹಿಮ ಒಂದೇ. ರೆಸಿಸ್ಟೆನ್ಸ್ ನಕ್ಷೆಯಲ್ಲಿ ಆ ಗಡಿಗೆರೆ ಕಾಣಿಸೋದೇ ಇಲ್ಲ. ಪ್ರಾಣಿಯನ್ನು ಅದು ತಡೆಯೋದೂ ಇಲ್ಲ. ಸಮಸ್ಯೆ ಅದೇ, ಸರಾಗವಾಗಿ ದಾಟಿಕೊಂಡು ಸಾಯೋ ಜಾಗಕ್ಕೆ ಬರುತ್ತೆ.

ನೆಟ್‌ವರ್ಕ್ ಅನಾಲಿಸಿಸ್ ಭಾಷೆಯಲ್ಲಿ ಇದು ಸೀರೀಸ್ ರೆಸಿಸ್ಟೆನ್ಸ್ ಅಲ್ಲ. ದಾರಿಯ ನೋಡ್‌ನಿಂದ ನೇರ ಗ್ರೌಂಡಿಗೆ ಕರೆಂಟ್ ಸೋರಿಹೋಗೋದು. ಮೆಕ್ರೇ ಇದನ್ನೂ ಯೋಚಿಸಿದ್ದರು, ಸಾವನ್ನು ಗ್ರೌಂಡಿಗೆ ಹೋಗುವ ರೆಸಿಸ್ಟರ್ ಆಗಿ ತೋರಿಸಬಹುದು ಅಂತ. ಸೀರೀಸ್ ರೆಸಿಸ್ಟೆನ್ಸ್ ಕೂಡಿಸ್ತಾ ಹೋಗುತ್ತೆ, ಸೋರಿಕೆ ಗುಣಿಸ್ತಾ ಹೋಗುತ್ತೆ.

ಮತ್ತೆ ಆಟದ ಲೆಕ್ಕ. ಹತ್ತು ತುಂಡು, ಪ್ರತಿ ತುಂಡಲ್ಲೂ ಬದುಕಿ ದಾಟುವ ಸಾಧ್ಯತೆ 0.9. ಕೊನೆಗೆ ತಲುಪೋದು ನೂರಕ್ಕೆ 35. ಈಗ ಒಂದೇ ಒಂದು ತುಂಡಲ್ಲಿ 0.5 ಮಾಡಿ: ನೂರಕ್ಕೆ 19. ನಮ್ಮ ಹತ್ತಿರ ಒಂದು ಸೇತುವೆಗಾಗುವಷ್ಟು ದುಡ್ಡಿದೆ, ಚೆನ್ನಾಗಿರೋ ಒಂದು ತುಂಡಲ್ಲಿ ಕಟ್ಟಿ 0.9ನ್ನು 0.99 ಮಾಡಿದೆವು ಅನ್ನಿ. 19 ಹೋಗಿ 21 ಆಯ್ತು, ಅಷ್ಟೆ. ಆ ಕೆಟ್ಟ ತುಂಡನ್ನು ಸರಿಮಾಡಿ ಉಳಿದವುಗಳ ಮಟ್ಟಕ್ಕೆ ತಂದರೆ ಮತ್ತೆ 35. ಆ ಕೆಟ್ಟ ತುಂಡು ಸಾಮಾನ್ಯವಾಗಿ ಗಡಿಯಾಚೆ ಇರುತ್ತೆ, ನಮ್ಮ ಬಜೆಟ್ಟು ಈಚೆ ಇರುತ್ತೆ. ದೇಶ ದೇಶಗಳ ನಡುವೆ ಕಾಡು ಜೋಡಿಸೋ ಕೆಲಸ ಕಷ್ಟವಾಗೋದು ಇಲ್ಲೇ.

ಹಾಗಂತ ಆಗದ ಕೆಲಸವೂ ಅಲ್ಲ. ಬ್ರಿಟಿಷ್ ಕೊಲಂಬಿಯಾ, ಐಡಾಹೋ, ವಾಷಿಂಗ್ಟನ್ ಮೂರೂ ಸೇರುವಲ್ಲಿ ದಕ್ಷಿಣ ಸೆಲ್ಕರ್ಕ್ ಎಂಬ ಪರ್ವತಗಳಿವೆ. ಅಲ್ಲಿ ನೂರರೊಳಗಿನ ಒಂದು ಗ್ರಿಜ್ಲಿ ಗುಂಪು ಒಂಟಿಯಾಗಿ ಸಿಕ್ಕಿಕೊಂಡಿತ್ತು. ಮೈಕೆಲ್ ಪ್ರಾಕ್ಟರ್ ವರ್ಷಗಟ್ಟಲೆ ಕೂದಲು ಹೆಕ್ಕಿ ತೋರಿಸಿದ ಸಂಗತಿ ಇದು: ಹೆದ್ದಾರಿ ಮತ್ತು ಊರುಗಳಿರುವ ಕಣಿವೆಯನ್ನು ಗಂಡು ಕರಡಿ ಆಗೊಮ್ಮೆ ಈಗೊಮ್ಮೆ ದಾಟುತ್ತೆ, ಹೆಣ್ಣು ದಾಟೋದು ತೀರಾ ಅಪರೂಪ. ಯಾಕಂದರೆ ಹೆಣ್ಣು ಗ್ರಿಜ್ಲಿ ದೊಡ್ಡದಾದ ಮೇಲೂ ತಾಯಿಯ ಪಕ್ಕದಲ್ಲೇ ಮನೆ ಮಾಡುತ್ತೆ. ಅಮ್ಮನ ಮನೆಯಿಂದ ಎರಡು ಬೀದಿ ಆಚೆ ಅನ್ನೋ ಹಾಗೆ. ಕಣಿವೆಯ ಆಚೆ ಸೇರೋಕೆ ಅವಳಿಗೆ ಒಂದು ರಾತ್ರಿ ಸಾಲದು, ಒಂದೆರಡು ತಲೆಮಾರು ಬೇಕು. ಅಂದಮೇಲೆ ಕಾರಿಡಾರ್ ಅನ್ನೋದು ಓಡಿ ದಾಟುವ ಓಣಿ ಆದರೆ ಸಾಲದು, ಬಾಳುವ ಜಾಗ ಆಗಬೇಕು.

ಅಲ್ಲಿ ಮಾಡಿದ ಕೆಲಸಗಳು ನೋಡೋಕೆ ಬಹಳ ಸಪ್ಪೆ. ಕಣಿವೆಯಲ್ಲಿ ಮುಖ್ಯವಾದ ಒಂದಿಷ್ಟು ಖಾಸಗಿ ಜಮೀನು ಕೊಂಡರು. ಹಣ್ಣಿನ ತೋಟ, ಕೋಳಿಗೂಡು, ಜೇನುಪೆಟ್ಟಿಗೆಗಳಿಗೆ ವಿದ್ಯುತ್ ಬೇಲಿ ಹಾಕಿಕೊಳ್ಳಲು ರೈತರಿಗೆ ನೆರವು ಕೊಟ್ಟರು. ಕಸದ ವ್ಯವಸ್ಥೆ ಬಿಗಿ ಮಾಡಿದರು. ಊರಿಗೆ ಬಂದ ಕರಡಿಯನ್ನು ಕೊಲ್ಲುವ ಬದಲು ಕಾಲರ್ ಕಟ್ಟಿ, ಹೆದರಿಸಿ ಕಳಿಸಿದರು. ಗಡಿಯ ಎರಡೂ ಕಡೆ. ಒಂದಕ್ಕೂ ಉದ್ಘಾಟನೆಯ ಕಲ್ಲು ಇಲ್ಲ. 2018ರಲ್ಲಿ ಫಲಿತಾಂಶ ಬರೆದರು: ಮನುಷ್ಯರಿಂದಾಗುವ ಸಾವು ಇಳಿದಿದೆ, ಪಕ್ಕದ ಗುಂಪುಗಳ ಜೊತೆ ಹೋಗಿಬರುವುದು ಹೆಚ್ಚಿದೆ, ಮರಿಗಳಲ್ಲಿ ಆಚೆಯ ವಂಶವಾಹಿ ಕಾಣಿಸುತ್ತಿದೆ. ಸೋರಿಕೆ ಮುಚ್ಚಿದರು, ಕರೆಂಟ್ ತಾನಾಗಿ ಹರಿಯಿತು.

ಕಾನೂನಿನ ಕಡೆಯೂ ಒಂದಿಷ್ಟು ಬದಲಾಯಿತು. ಆಲ್ಬರ್ಟಾ 2006ರಲ್ಲಿ, ಬ್ರಿಟಿಷ್ ಕೊಲಂಬಿಯಾ 2017ರಲ್ಲಿ ಗ್ರಿಜ್ಲಿ ಬೇಟೆ ನಿಲ್ಲಿಸಿದವು. ತೋಳಕ್ಕೆ ಆ ಭಾಗ್ಯ ಬಂದಿಲ್ಲ.

ಯೆಲ್ಲೊಸ್ಟೋನ್ ತುದಿಯಲ್ಲಿ ಮಾತ್ರ ಜೋಡಣೆ ಇನ್ನೂ ಕೂಡಿಲ್ಲ. 1975ರಲ್ಲಿ ಅಲ್ಲಿ ಗ್ರಿಜ್ಲಿಗಳು ನೂರೈವತ್ತಕ್ಕಿಂತ ಕಡಿಮೆ ಇದ್ದವು, ರಕ್ಷಣೆ ಸಿಕ್ಕಮೇಲೆ ಸಾವಿರದ ಹತ್ತಿರ ಬಂದಿವೆ. ಸಂಖ್ಯೆ ನೋಡಿದರೆ ಗೆಲುವೇ. ಆದರೆ ಉತ್ತರದ ದೊಡ್ಡ ಗುಂಪಿನ ಕರಡಿಯೊಂದು ತಾನಾಗಿ ನಡೆದು ಬಂದು ಇಲ್ಲಿ ಮರಿ ಮಾಡಿದ ದಾಖಲೆ ಸಿಗದೆ, ಎರಡೂ ಗುಂಪುಗಳ ಅಂಚು ಹತ್ತಾರು ಕಿಲೋಮೀಟರ್ ಅಂತರಕ್ಕೆ ಬಂದು ನಿಂತಿತ್ತು. ಕೊನೆಗೆ 2024ರ ಬೇಸಿಗೆಯಲ್ಲಿ ಮೊಂಟಾನಾ ಮತ್ತು ವಯೋಮಿಂಗ್ ಅಧಿಕಾರಿಗಳು ಉತ್ತರದಿಂದ ಒಂದು ಹೆಣ್ಣು, ಒಂದು ಗಂಡು ಕರಡಿ ಹಿಡಿದು, ಸಾಗಿಸಿ ತಂದು ಯೆಲ್ಲೊಸ್ಟೋನ್ ಕಡೆ ಬಿಟ್ಟರು. ಲ್ಯಾಬಿನಲ್ಲಿ ಟ್ರ್ಯಾಕ್ ಕಟ್ ಆದ ಬೋರ್ಡಿಗೆ ನಾವು ಜಂಪರ್ ವೈರ್ ಹಾಕ್ತೀವಲ್ಲ, ಹಾಗೆ. ಬೋರ್ಡ್ ಕೆಲಸ ಮಾಡುತ್ತೆ. ತಲೆಮಾರಿಗೊಮ್ಮೆ ಯಾರಾದರೂ ವೈರ್ ಹಿಡಿದು ನಿಂತಿರಬೇಕು.